ವಿಂಡಮ್ ಆಗ್ಲೇ ಹೋಯ್ತಲ್ಲ!

ಇಂಗ್ಲೆಂಡಿಗೆ ಹೊರಡುವ ಹಿಂದಿನ ದಿನ 200 ಪುಟದ ಒಂದು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡಿದ್ದೆ. ಖರ್ಚು ಬರೆಯೋಣ ಅಂತ. ಎರಡೇ ದಿನಕ್ಕೆ ಖರ್ಚು ಬರೆಯುವುದು ನಿಂತುಹೋಯಿತು. ಪುಟದ ಮಧ್ಯೆ ಗೆರೆ ಎಳೆದು ಎಡಗಡೆ ‘ಬೋರ್ಡಿನಲ್ಲಿ’, ಬಲಗಡೆ ‘ಬಾಯಲ್ಲಿ’ ಅಂತ ಬರೆದುಕೊಂಡೆ. ಎಂಟು ದಿನ ಸುತ್ತಿದ್ದಕ್ಕೆ ನನ್ನ ಹತ್ತಿರ ಉಳಿದಿರುವ ಲೆಕ್ಕ ಅದೊಂದೇ.

ಮೊದಲೇ ಹೇಳಿಬಿಡುತ್ತೇನೆ. ‘ಬೋರ್ಡಿನಲ್ಲಿ’ ಅಂದರೆ ನನ್ನಂಥವನು ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದಿದ ರೀತಿ. ‘ಬಾಯಲ್ಲಿ’ ಅಂದರೆ ಆ ಊರಿನಲ್ಲೇ ಹುಟ್ಟಿ ಬೆಳೆದವರು ಅನ್ನುವ ರೀತಿ.

ದಿನ 1

ಹೀಥ್ರೂನಲ್ಲಿ ಇಳಿದಾಗ ಮಧ್ಯಾಹ್ನ. ಪಿಕಡಿಲಿ ಲೈನ್ ರೈಲು ಹತ್ತಿದೆ. ನನ್ನ ಹೋಟೆಲ್ ಇದ್ದದ್ದು ಹಾಲ್‌ಬಾರ್ನ್ ಸ್ಟೇಷನ್ ಪಕ್ಕ. ರಾತ್ರಿ ಇಡೀ ನಿದ್ದೆ ಇಲ್ಲ, ಎಲ್ಲಿ ಮುಂದೆ ಹೋಗಿಬಿಡುತ್ತೇನೋ ಅಂತ ‘ಹಾಲ್‌ಬಾರ್ನ್, ಹಾಲ್‌ಬಾರ್ನ್’ ಎಂದು ಜಪ ಮಾಡುತ್ತಾ ಕೂತಿದ್ದೆ.

ಒಂದು ನಿಲ್ದಾಣದ ಗೋಡೆ ಮೇಲೆ ಗ್ಲೌಸೆಸ್ಟರ್ ರೋಡ್ ಅಂತಿತ್ತು. ರೈಲಿನ ಧ್ವನಿ ‘ಗ್ಲಾಸ್ಟರ್ ರೋಡ್’ ಅಂದಿತು. ಸರಿ, ಇರಲಿ. ಆಮೇಲೆ ಲೀಸೆಸ್ಟರ್ ಸ್ಕ್ವೇರ್. ಅದು ‘ಲೆಸ್ಟರ್’ ಅನ್ನುವುದು ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ತಂಗಿ ಇರುವುದು ಲೆಸ್ಟರ್ ಊರಿನಲ್ಲಿ. ಅಲ್ಲಿಂದ ಕಾವೆಂಟ್ ಗಾರ್ಡನ್‌ಗೆ 260 ಮೀಟರ್ ಅಷ್ಟೆ. ಕೂತವರು ಏಳುವಷ್ಟರಲ್ಲಿ ಬಂದುಬಿಡುತ್ತದೆ. ಅದು ಮೂಲದಲ್ಲಿ ಕಾನ್ವೆಂಟಿನ ತೋಟ. ಬಾಯಲ್ಲಿ ‘ನ್’ ಬಿದ್ದುಹೋಯಿತು, ಬೋರ್ಡೂ ಸುಮ್ಮನೆ ಒಪ್ಪಿಕೊಂಡಿತು. ಇಂಥ ಒಪ್ಪಂದ ಇಲ್ಲಿ ಅಪರೂಪ.

ಮುಂದಿನದು ‘ಹೋಬನ್’ ಅಂದಿತು ಧ್ವನಿ. ನನ್ನದಲ್ಲ ಅಂತ ಕೂತೇ ಇದ್ದೆ. ಬಾಗಿಲು ತೆಗೆಯಿತು. ಎದುರಿನ ಗೋಡೆ ನೋಡಿದರೆ ನನ್ನ ಕೈಯಲ್ಲಿದ್ದ ಚೀಟಿಯ ಅಕ್ಷರಗಳೇ! ಸೂಟ್‌ಕೇಸ್ ಎಳೆದುಕೊಂಡು ಹಾರಿದೆ. ಬಾಗಿಲು ನನ್ನ ಹಿಂದೆಯೇ ಮುಚ್ಚಿತು.

ಹೋಬನ್ ಅಂದರೆ ತಗ್ಗಿನ ತೊರೆ. ಆ ತೊರೆ ಈಗಲೂ ಇದೆ, ಆದರೆ ರಸ್ತೆಯ ಕೆಳಗೆ ಚರಂಡಿಯಾಗಿ ಹರಿಯುತ್ತದೆ. ಎಲ್ ಅಕ್ಷರದ ಕತೆಯೂ ಅದೇ. ಇದೆ, ಆದರೆ ಕೇಳಿಸುವುದಿಲ್ಲ.

ದಿನ 2

ಬೆಳಿಗ್ಗೆ ಎದ್ದು ಮೊದಲು ಹೋದದ್ದು ಬಸವಣ್ಣನ ಹತ್ತಿರ. ಲ್ಯಾಂಬೆತ್ ಸೇತುವೆ ದಾಟಿದರೆ ನದಿ ದಂಡೆಯಲ್ಲೇ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಎದುರು ದಡದಲ್ಲಿ ಪಾರ್ಲಿಮೆಂಟು. ನಾನು ಕೈಮುಗಿದು ನಿಂತಿದ್ದಾಗ ಓಡುತ್ತಾ ಬಂದ ಒಬ್ಬ ಹೆಂಗಸು ಉಸಿರು ಬಿಡಲು ನಿಂತು, ಹೆಸರನ್ನು ಗಟ್ಟಿಯಾಗಿ ಓದಿದರು. ‘ಬಸಾವೆಶ್... ವಾರಾ?’ ನನ್ನ ಕಡೆ ನೋಡಿ ‘ಸರೀನಾ?’ ಅಂದರು. ಬಸವೇಶ್ವರ ಅಂದೆ. ಮತ್ತೆ ಪ್ರಯತ್ನಿಸಿದರು, ಮತ್ತೆ ‘ವಾರಾ’ ಆಯಿತು. ನಾವು ಬಸವಣ್ಣ ಅಂತೀವಿ ಅಂದೆ. ‘ಅದು ಸುಲಭ’ ಅಂತ ಓಡಿಹೋದರು. ನೆನ್ನೆಯಿಂದ ನಾನೊಬ್ಬನೇ ಪೆದ್ದನಾಗಿದ್ದೆ, ಸ್ವಲ್ಪ ಸಮಾಧಾನ ಆಯಿತು.

ಅಲ್ಲಿಂದ ದೋಣಿ. ನದಿಯನ್ನು ನಾವು ಶಾಲೆಯಲ್ಲಿ ಥೇಮ್ಸ್ ಅಂತ ಓದಿದ್ದೇವೆ. ಅದು ‘ಟೆಮ್ಸ್’. ಹಳೆಯ ಬರವಣಿಗೆಯಲ್ಲಿ ಎಚ್ ಇರಲೇ ಇಲ್ಲ. ಮುಂದೆ ವಿದ್ವಾಂಸರು ಎಲ್ಲದಕ್ಕೂ ಗ್ರೀಕ್ ಅಲಂಕಾರ ಮಾಡುವ ಕಾಲದಲ್ಲಿ ಎಚ್ ಬಂದು ಸೇರಿಕೊಂಡಿತು. ಜನ ಅದನ್ನು ಓದಲೇ ಇಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದೇ ಹೆಸರಿನ ಒಂದು ನದಿ ಇದೆ, ಅಲ್ಲಿಯವರು ಮಾತ್ರ ನಮ್ಮ ಮೇಷ್ಟರ ಹಾಗೆ ಥೇಮ್ಸ್ ಅಂತಲೇ ಅನ್ನುತ್ತಾರೆ.

ಟಿಕೆಟ್ ಕಿಂಡಿಯಲ್ಲಿ ‘ಗ್ರೀನ್‌ವಿಚ್‌ಗೆ ಒಂದು’ ಅಂದೆ. ‘ಗ್ರೆನಿಚ್, ಒಂದು’ ಅಂತ ಹೇಳಿ ಚೀಟಿ ಕೊಟ್ಟ. ತಿದ್ದಲಿಲ್ಲ, ನಗಲಿಲ್ಲ. ನಾನು ಅಂದದ್ದನ್ನೇ ತನ್ನ ರೀತಿಯಲ್ಲಿ ಮತ್ತೆ ಹೇಳಿದ, ಅಷ್ಟೆ. ಇಡೀ ಪ್ರವಾಸದಲ್ಲಿ ಇದನ್ನು ಗಮನಿಸಿದೆ. ಇಂಗ್ಲಿಷರು ನಿಮ್ಮ ತಪ್ಪನ್ನು ತೋರಿಸುವುದಿಲ್ಲ, ಪಕ್ಕದಲ್ಲಿ ಸರಿಯಾದದ್ದನ್ನು ಇಟ್ಟು ಹೋಗುತ್ತಾರೆ. ಎತ್ತಿಕೊಂಡರೆ ನಿಮ್ಮದು.

ದಾರಿಯಲ್ಲಿ ಬಲದಂಡೆಯ ಸೌತ್‌ವಾರ್ಕನ್ನು ದೋಣಿಯವನು ‘ಸದಕ್’ ಅಂದ. ಅಷ್ಟು ದೊಡ್ಡ ಪ್ರದೇಶಕ್ಕೆ ಎರಡೇ ಗುಟುಕು.

ಗ್ರೆನಿಚ್ ಗುಡ್ಡದ ಮೇಲಿನ ವೀಕ್ಷಣಾಲಯದ ಅಂಗಳದಲ್ಲಿ ಲೋಹದ ಗೆರೆ ಇದೆ. ಐದನೇ ಕ್ಲಾಸಿನಲ್ಲಿ ಭೂಪಟದ ಮೇಲೆ ಕೋಲಿಟ್ಟು ‘ಗ್ರೀನ್‌ವಿಚ್ ರೇಖೆ, 0 ಡಿಗ್ರಿ’ ಅಂತ ಮೇಷ್ಟರು ಹೇಳಿಕೊಟ್ಟದ್ದು ಇದೇ. 1884ರಲ್ಲಿ ವಾಷಿಂಗ್ಟನ್ ಸಮ್ಮೇಳನದಲ್ಲಿ ಜಗತ್ತಿನ ರೇಖಾಂಶಗಳ ಲೆಕ್ಕ ಇಲ್ಲಿಂದ ಶುರು ಅಂತ ಗೊತ್ತು ಮಾಡಿದರು. ಎಲ್ಲರ ಹಾಗೆ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ನಿಂತು ಫೋನ್ ನೋಡಿದೆ. ಸೊನ್ನೆ ಬರಲಿಲ್ಲ. ಪೂರ್ವಕ್ಕೆ ನಡೆಯುತ್ತಾ ಹೋಗಬೇಕು. ಉಪಗ್ರಹದ ಲೆಕ್ಕದ ಸೊನ್ನೆ ಈಗ ಸುಮಾರು 102 ಮೀಟರ್ ಆಚೆ, ಪಾರ್ಕಿನ ಹುಲ್ಲಿನ ಮೇಲೆ ಇದೆ. ಅಲ್ಲಿ ಗೆರೆಯೂ ಇಲ್ಲ, ಬೋರ್ಡೂ ಇಲ್ಲ. ಬರೆದದ್ದು ಒಂದು ಕಡೆ, ನಿಜ ಇನ್ನೊಂದು ಕಡೆ. ಆ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದದ್ದು.

ದಿನ 3

ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಪೂರ್ವಕ್ಕೆ ಎರಡು ಗಂಟೆಯೊಳಗಿನ ದಾರಿ. ಬೋರ್ಡಿನಲ್ಲಿ ನಾರ್‌ವಿಚ್. ಬಾಯಲ್ಲಿ ‘ನಾರಿಜ್’ ಅಥವಾ ‘ನಾರಿಚ್’. ಗ್ರೆನಿಚ್ ಕಲಿತಿದ್ದರಿಂದ ಇದನ್ನು ನಾನೇ ಊಹಿಸಿದೆ, ಬೀಗಿದೆ ಕೂಡ. ಆದರೆ ಅದೇ ದಾರಿಯಲ್ಲಿ ಅರ್ಧ ಗಂಟೆ ಮುಂಚೆ ಇಪ್ಸ್‌ವಿಚ್ ಬರುತ್ತದೆ. ಅದನ್ನು ‘ಇಪ್ಸಿಚ್’ ಅಂದುಕೊಂಡಿದ್ದೆ. ಅಲ್ಲ. ಅಲ್ಲಿ ಡಬ್ಲ್ಯೂ ಜೀವಂತವಾಗಿದೆ, ಇಪ್ಸ್‌ವಿಚ್ ಇಪ್ಸ್‌ವಿಚ್ಚೇ. ಅದಕ್ಕೂ ಮುಂಚೆ ಕೋಲ್‌ಚೆಸ್ಟರ್, ಅದೂ ಪೂರ್ತಿ. ಒಂದು ಸೂತ್ರ ಸಿಕ್ಕಿತು ಅನ್ನುವಷ್ಟರಲ್ಲಿ ಕೈಜಾರುತ್ತದೆ.

ನಾರಿಜ್ ಅಂತಲೇ ಅನ್ನಬೇಕು ಅನ್ನುವುದಕ್ಕೆ ಸಾಕ್ಷಿ ಬೇಕಾದರೆ ಇಂಗ್ಲಿಷ್ ಮಕ್ಕಳ ಒಂದು ಹಳೆಯ ಪದ್ಯ ಇದೆ. ಚಂದ್ರನಲ್ಲಿರುವ ಮನುಷ್ಯ ಕೆಳಗಿಳಿದು ಬಂದು ಈ ಊರಿಗೆ ದಾರಿ ಕೇಳುತ್ತಾನೆ. ಊರಿನ ಹೆಸರಿಗೆ ಅಲ್ಲಿ ಪ್ರಾಸ ಕೂಡುವುದು ‘ಪಾರಿಜ್’, ಅಂದರೆ ಗಂಜಿ. ನಮ್ಮಲ್ಲಿ ಹಳಗನ್ನಡದ ಪದ ಹೇಗೆ ಅನ್ನುತ್ತಿದ್ದರು ಅಂತ ಗೊಂದಲ ಬಂದಾಗ ಪಂಡಿತರು ಪ್ರಾಸ ನೋಡಿ ತೀರ್ಮಾನ ಮಾಡುತ್ತಾರಲ್ವಾ, ಹಾಗೆ.

ಸ್ಟೇಷನ್ನಿಗೆ ಕಾರು ತಂದಿದ್ದ ನನ್ನ ಕಾಲೇಜು ಗೆಳೆಯ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾನೆ. ಅವನು ಕಳಿಸಿದ ವಿಳಾಸದಲ್ಲಿ ಬಡಾವಣೆಯ ಹೆಸರನ್ನು ನಾನು ‘ಕಾಸ್ಟೆಸ್ಸಿ’ ಅಂತ ಓದಿಕೊಂಡಿದ್ದೆ. ‘ಅದು ಕಾಸಿ ಕಣೋ’ ಅಂದ.

‘ಕಾಶಿನಾ?’

‘ಕಾಸಿ. ನಮ್ಮಮ್ಮ ಬಂದಿದ್ದಾಗ ಊರಿಗೆ ಫೋನ್ ಮಾಡಿ, ಮಗ ಕಾಶೀಲಿ ಮನೆ ಮಾಡಿದಾನೆ ಅಂತ ಎಲ್ಲರಿಗೂ ಹೇಳಿದ್ರು.’

ಸಂಜೆ ಕೆಥೆಡ್ರಲ್ ನೋಡಿದೆವು. ಅದರ ಗೋಪುರ 96 ಮೀಟರ್. ಇಂಗ್ಲೆಂಡಿನಲ್ಲಿ ಸಾಲ್ಸ್‌ಬರಿಯದು ಬಿಟ್ಟರೆ ಇದೇ ಎತ್ತರ. ಒಂಬತ್ತು ಗಂಟೆಗೂ ಬೆಳಕಿತ್ತು. ಕಾಸಿಯಲ್ಲಿ ಅನ್ನ ಸಾರು ಉಂಡು ಮಲಗಿದೆ.

ದಿನ 4

ಕಾರಿನಲ್ಲಿ ಸಮುದ್ರದ ಕಡೆ ಹೊರಟೆವು. ಸುಮಾರು 30 ಕಿಲೋಮೀಟರ್. ಕಿರಿದಾದ ದಾರಿ, ಎರಡೂ ಕಡೆ ಬೇಲಿ. ಗೆಳೆಯ ಬೇಕಂತಲೇ ಹೆಸರು ಹೇಳಿರಲಿಲ್ಲ. ಊರ ಬಾಗಿಲಿನ ಬೋರ್ಡಿನ ಹತ್ತಿರ ನಿಧಾನ ಮಾಡಿ ‘ಓದು’ ಅಂದ.

‘ಹ್ಯಾಪಿಸ್‌ಬರ್ಗ್.’

‘ಹೇಸ್‌ಬ್ರ.’

ನಾನು ಮತ್ತೆ ಬೋರ್ಡ್ ನೋಡಿದೆ. ಹನ್ನೊಂದು ಅಕ್ಷರ. ಎರಡು ಪಿ ಇವೆ, ಒಂದೂ ಬಾಯಿಗೆ ಬರುವುದಿಲ್ಲ. ಕೊನೆಯ ಎರಡು ಅಕ್ಷರ ಜಿ, ಎಚ್ ಸುಮ್ನೆ ಕಾವಲಿಗೆ ನಿಂತಿವೆ. ಹೇಪ್ ಎಂಬ ಯಾವನೋ ಹಳೆಯ ಕಾಲದವನ ಕೋಟೆ, ಅದೇ ಹೆಸರಿನ ಮೂಲ. ಮೀನುಗಾರರು, ಒಕ್ಕಲುಮಕ್ಕಳು ದಿನಕ್ಕೆ ಹತ್ತು ಸಲ ಅಂದು ಅಂದು ಅದನ್ನು ನದಿಯ ಕಲ್ಲಿನ ಹಾಗೆ ನುಣ್ಣಗೆ ಮಾಡಿದ್ದಾರೆ. ತಮಾಷೆ ಏನೆಂದರೆ, ಇದೇ ತೀರದಾಚೆ ಸಮುದ್ರದಲ್ಲಿ ಹಡಗುಗಳಿಗೆ ಅಪಾಯದ ಒಂದು ಮರಳುದಿಣ್ಣೆ ಇದೆ. ನಾವಿಕರ ನಕ್ಷೆಯಲ್ಲಿ ಅದರ ಹೆಸರನ್ನು ಕೇಳಿಸುವ ಹಾಗೇ, ‘ಹೇಸ್‌ಬರೊ’ ಅಂತ ಬರೆದಿದ್ದಾರೆ. ನೆಲದ ಮೇಲೆ ಒಂದು ಕಾಗುಣಿತ, ನೀರಿನ ಮೇಲೆ ಇನ್ನೊಂದು. ಮುಳುಗುವ ಭಯ ಇದ್ದಾಗ ಯಾರೂ ಅಲಂಕಾರಕ್ಕೆ ಅಕ್ಷರ ಇಟ್ಟುಕೊಳ್ಳುವುದಿಲ್ಲ ಅಂತ ಕಾಣುತ್ತದೆ.

ಊರಿನ ಲೈಟ್‌ಹೌಸ್ 1790ರದು. ಬಿಳಿ ಮೈಗೆ ಮೂರು ಕೆಂಪು ಪಟ್ಟಿ, ಗೋಧಿ ಹೊಲದ ಮಧ್ಯೆ ನಿಂತಿದೆ. ಅದರ ಕೆಳಗಿನ ದಾರಿ ಹಿಡಿದು ನಡೆದರೆ ಟಾರು ರಸ್ತೆ ಇದ್ದಕ್ಕಿದ್ದ ಹಾಗೆ ಮುಗಿಯುತ್ತದೆ. ಮುಂದೆ ಗಾಳಿ. ಕೆಳಗೆ ಸಮುದ್ರ. ಇಲ್ಲಿಯ ದಂಡೆ ಮೆತ್ತನೆ ಮಣ್ಣು. ಪ್ರತಿ ವರ್ಷ ಸಮುದ್ರ ಅದನ್ನು ತಿನ್ನುತ್ತಾ ಬರುತ್ತಿದೆ, ಒಂದು ಬೀದಿಯ ಮನೆಗಳೇ ಹೋಗಿವೆ. ಅಂಚಿನಲ್ಲಿ ಒಂದು ಕೊಳಾಯಿ ಪೈಪು ಮಣ್ಣಿನಿಂದ ಹೊರಗೆ ಚಾಚಿಕೊಂಡಿತ್ತು, ಯಾರ ಮನೆಯದೋ.

2013ರ ಮೇ ತಿಂಗಳಲ್ಲಿ ಹೀಗೇ ಅಲೆ ಮಣ್ಣು ಕೊಚ್ಚಿಕೊಂಡು ಹೋದಾಗ ಕೆಳಗಿನ ಪದರದಲ್ಲಿ ಮನುಷ್ಯರ ಹೆಜ್ಜೆ ಗುರುತು ಕಾಣಿಸಿದವು. ದೊಡ್ಡವರದು, ಮಕ್ಕಳದು. ಎಂಟು ಲಕ್ಷ ವರ್ಷಕ್ಕೂ ಹಿಂದಿನವು ಅಂತ ಲೆಕ್ಕ ಹಾಕಿದರು. ಆಫ್ರಿಕಾದ ಹೊರಗೆ ಸಿಕ್ಕ ಅಷ್ಟು ಹಳೆಯ ಹೆಜ್ಜೆಗಳು ಬೇರೆ ಇರಲಿಲ್ಲ. ಎರಡು ವಾರದೊಳಗೆ ಸಮುದ್ರ ಅವನ್ನೂ ಅಳಿಸಿತು. ವಿಜ್ಞಾನಿಗಳು ಮಳೆಯಲ್ಲೇ ನಿಂತು ಫೋಟೊ ತೆಗೆದದ್ದರಿಂದ ಉಳಿಯಿತು. ಆ ಜನ ಈ ಜಾಗಕ್ಕೆ ಏನನ್ನುತ್ತಿದ್ದರೋ ಅಂದೆ. ‘ಅವರೂ ಹೇಸ್‌ಬ್ರ ಅಂತಿದ್ದಿರಬೇಕು, ಹ್ಯಾಪಿಸ್‌ಬರ್ಗ್ ಅಂತೂ ಅಂದಿರಲ್ಲ’ ಅಂದ ಗೆಳೆಯ.

ಊಟ ಮಾಡಿದ ಪಬ್ಬಿನಲ್ಲಿ ಮುದುಕರೊಬ್ಬರು ಮಾತಿಗೆ ಸಿಕ್ಕಿದರು. ಈ ಜಿಲ್ಲೆಯವರು, ನಾರ್ಫಕ್. ಬೋರ್ಡಿನಲ್ಲಿ ಫೋಕ್ ಇದೆ, ಅವರು ಅಂದದ್ದು ಫಕ್ಕೇ. ಉತ್ತರ ತೀರದಲ್ಲಿ ಸ್ಟಿಫ್‌ಕಿ ಅಂತ ಒಂದು ಊರಿದೆಯಂತೆ. ಹಿಂದೆ ಅದು ‘ಸ್ಟ್ಯೂಕಿ’. ಈಗ ಅಲ್ಲಿಯವರೇ ಎಷ್ಟೋ ಜನ ಬೋರ್ಡ್ ನೋಡಿ ಸ್ಟಿಫ್‌ಕಿ ಅನ್ನುತ್ತಾರೆ. ‘ಆದರೆ ಅಲ್ಲಿ ಸಿಗುವ ಚಿಪ್ಪುಮೀನು ಮಾತ್ರ ಇವತ್ತಿಗೂ ಸ್ಟ್ಯೂಕಿ ಬ್ಲೂ. ಮೀನಿಗೆ ಓದು ಬರಲ್ವಲ್ಲ’ ಅಂತ ನಕ್ಕರು. ಬಿಬಿಸಿ ರೇಡಿಯೊ ಶುರುವಾದಾಗಿನ ಕಷ್ಟವೂ ಇದೇ. ಲಂಡನ್ನಿನಲ್ಲಿ ಕೂತು ಸುದ್ದಿ ಓದುವವನು ಊರಿನ ಹೆಸರನ್ನು ಅಕ್ಷರದ ಪ್ರಕಾರ ಓದಿದರೆ ಊರಿಗೆ ಊರೇ ಸಿಟ್ಟಾಗುತ್ತದೆ. 1926ರಲ್ಲಿ ಅವರು ಉಚ್ಚಾರಣೆಗೆ ಅಂತಲೇ ಒಂದು ಸಮಿತಿ ಮಾಡಿದರು. ಮುಂದೆ ನಾಟಕಕಾರ ಬರ್ನಾರ್ಡ್ ಶಾ ಅದರ ಅಧ್ಯಕ್ಷರಾದರು. ಇಂಗ್ಲಿಷ್ ಕಾಗುಣಿತವನ್ನು ಜನ್ಮವಿಡೀ ಬೈದವರಿಗೆ ಸರಿಯಾದ ಕುರ್ಚಿಯೇ ಸಿಕ್ಕಿತು.

ದಿನ 5

ಇವತ್ತು ಗೆಳೆಯನಿಗೆ ಕೆಲಸ. ನಾನೊಬ್ಬನೇ ಒಂದು ಹಳೆಯ ಊರು ನೋಡಿ ಬರುತ್ತೇನೆ ಅಂತ ಹೊರಟೆ. ವೈಮಂಡ್‌ಹ್ಯಾಮ್. ನಾರಿಜ್‌ನಿಂದ ರೈಲಿನಲ್ಲಿ ಹನ್ನೆರಡು ನಿಮಿಷದ ದಾರಿ. ಟಿಕೆಟ್ಟನ್ನು ಯಂತ್ರದಲ್ಲಿ ತೆಗೆದೆ. ಅಲ್ಲೇ ಆದದ್ದು ಎಡವಟ್ಟು. ಯಂತ್ರಕ್ಕೆ ಬಾಯಿಲ್ಲ. ಕಿಂಡಿಯಲ್ಲಿ ಮನುಷ್ಯರ ಹತ್ತಿರ ಕೇಳಿದ್ದರೆ ಸರಿಯಾದ ಹೆಸರು ಪಕ್ಕದಲ್ಲಿ ಇಟ್ಟಿರುತ್ತಿದ್ದರು.

ಕಿಟಕಿ ಪಕ್ಕ ಕೂತೆ. ಹೊರಗೆ ಹೊಲ, ಕುರಿ, ಸಣ್ಣ ಹೊಳೆ. ‘ಮುಂದಿನ ನಿಲ್ದಾಣ ವಿಂಡಮ್’ ಅಂತ ಕೇಳಿಸಿತು. ಒಳ್ಳೆ ಹೆಸರು, ಗಾಳಿ ಬೀಸುವ ಊರಿರಬೇಕು ಅಂದುಕೊಂಡೆ. ಚೆಂದದ ಕೆಂಪಿಟ್ಟಿಗೆಯ ಸ್ಟೇಷನ್, ಹೂವಿನ ಕುಂಡಗಳು. ಫೋಟೊ ಕೂಡ ತೆಗೆದೆ, ಕಿಟಕಿಯಿಂದ. ನಾಲ್ಕು ಜನ ಇಳಿದರು. ರೈಲು ಹೊರಟಿತು.

ಹತ್ತು ನಿಮಿಷ ಆದರೂ ವೈಮಂಡ್‌ಹ್ಯಾಮ್ ಬರಲಿಲ್ಲ. ಎದುರಿಗೆ ಸ್ವೆಟರ್ ಹೆಣೆಯುತ್ತಾ ಕೂತಿದ್ದ ಅಜ್ಜಿಗೆ ಟಿಕೆಟ್ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಅಯ್ಯೋ, ವಿಂಡಮ್ ಆಗ್ಲೇ ಹೋಯ್ತಲ್ಲ ಮಗಾ!’ ಅನ್ನುವ ಧಾಟಿಯಲ್ಲಿ ಏನೋ ಅಂದರು. ಸೂಜಿಯಿಂದ ಹಿಂದಿನ ದಿಕ್ಕು ತೋರಿಸಿದರು. ಫೋನ್ ತೆಗೆದು ನಾನೇ ತೆಗೆದ ಫೋಟೊ ನೋಡಿದೆ. ಹೂವಿನ ಕುಂಡದ ಮೇಲೆ, ಇಷ್ಟು ದೊಡ್ಡ ಬೋರ್ಡು. ಪೂರ್ತಿ ಒಂಬತ್ತು ಅಕ್ಷರ.

ಆಟಲ್‌ಬರದಲ್ಲಿ ಇಳಿದೆ. ಅದನ್ನು ನಾನು ಆಟಲ್‌ಬರೋ ಅಂತ ಓದುತ್ತಿದ್ದೆನೇನೋ, ಈಗ ಓದುವ ಧೈರ್ಯ ಇರಲಿಲ್ಲ. ವಾಪಸ್ ರೈಲಿಗೆ ಮುಕ್ಕಾಲು ಗಂಟೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಾನು, ಒಂದು ಕಾಗೆ, ಗೆಳೆಯನ ಹೆಂಡತಿ ಕಟ್ಟಿಕೊಟ್ಟ ಚಪಾತಿ.

ಅಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಕೊನೆಗಿರುವ ‘ಹ್ಯಾಮ್’ ಅಂದರೆ ಮನೆ, ಹಳ್ಳಿ. ವಿಗ್‌ಮಂಡ್ ಎಂಬುವನ ಹಳ್ಳಿ ವೈಮಂಡ್‌ಹ್ಯಾಮ್. ಈ ಹ್ಯಾಮ್‌ನಲ್ಲಿರುವ ಹಕಾರ ಇಂಗ್ಲೆಂಡಿನಲ್ಲಿ ಬಹುತೇಕ ಯಾರಿಗೂ ಬೇಡ. ಬರ್ಮಿಂಗಮ್, ಟಾಟ್‌ನಮ್, ಕ್ಲ್ಯಾಪಮ್. ನಾವು ಬೆಂಗಳೂರಿನಲ್ಲಿ ಮಾತ್ರ ಕನ್ನಿಂಗ್‌ಹ್ಯಾಮ್ ರಸ್ತೆ ಅಂತ ಹಕಾರಕ್ಕೆ ಪೂರ್ತಿ ಮರ್ಯಾದೆ ಕೊಟ್ಟು ಅನ್ನುತ್ತೇವೆ. ಅಷ್ಟು ಬರೆದ ಮೇಲೆ ಪೆನ್ನು ನಿಂತಿತು. ನಮ್ಮ ಹಳ್ಳಿಯ ಹಕಾರ ಎಲ್ಲಿ ಹೋಯಿತು? ಮಾರತ್‌ಹಳ್ಳಿ ಬಸ್ಸಿನ ಕಂಡಕ್ಟರ್ ಕೂಗುವುದು ‘ಮಾರತ್ತಳ್ಳಿ’. ಬೊಮ್ಮನಹಳ್ಳಿ ‘ಬೊಮ್ಮನಳ್ಳಿ’. ಹೊಸಹಳ್ಳಿ ‘ಹೊಸಳ್ಳಿ’. ಅಲ್ಲಿ ಹ್ಯಾಮ್, ಇಲ್ಲಿ ಹಳ್ಳಿ, ಎರಡರ ಅರ್ಥವೂ ಒಂದೇ, ಬಿದ್ದ ಅಕ್ಷರವೂ ಒಂದೇ.

ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ ಅಂತ ನಾವು ಜಂಬ ಪಡುತ್ತೇವೆ. ನಾನಂತೂ ಐದು ದಿನದಿಂದ ಅದೇ ಜಂಬದಲ್ಲಿದ್ದೆ. ಆದರೆ ನಾನು ಹುಟ್ಟಿದ ಊರು ಚನ್ನರಾಯಪಟ್ಟಣ. ಜೀವಮಾನದಲ್ಲಿ ಒಂದು ದಿನ ಅದನ್ನು ಹಾಗೆ ಅಂದಿದ್ದೇನಾ? ‘ಚನ್ರಾಪಟ್ಣ’. ಅಕ್ಕಪಕ್ಕದ ಹಳ್ಳಿಯವರಿಗೆ ಅಷ್ಟೂ ಬೇಡ, ‘ಪಟ್ಣ’ ಅಂದರೆ ಸಾಕು. ಚನ್ನರಾಯಪಟ್ಟಣ ಅಂತ ಬಿಡಿಸಿ ಬಿಡಿಸಿ ಅಂದವನನ್ನು ಕಂಡರೆ ನಮ್ಮೂರ ಹೋಟೆಲಿನವರು ‘ಎಲ್ಲಿಂದ ಬಂದ್ರಿ ಸ್ವಾಮಿ?’ ಅಂತ ಕೇಳುತ್ತಾರೆ. ಬೋರ್ಡು ಇರುವುದು ಬರುವವರಿಗೆ. ಊರಿನವರಿಗೆ ಬೋರ್ಡ್ ಓದುವ ಕೆಲಸವೇ ಇಲ್ಲ.

ಇಂಗ್ಲಿಷಿನಲ್ಲಿ ಅಂತರ ಜಾಸ್ತಿ ಆಗಿರುವುದಕ್ಕೆ ಕಾರಣ ಅಂತೂ ಇದೆ. 1476ರಲ್ಲಿ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಯಂತ್ರ ಇಟ್ಟ. ಅಲ್ಲಿಂದ ಮುಂದೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತಾ ಬಂತು. ಬಾಯಿ ಗಟ್ಟಿಯಾಗಲಿಲ್ಲ, ಅದು ತನ್ನ ಪಾಡಿಗೆ ಸವೆಸುತ್ತಲೇ ಹೋಯಿತು. ಜಮೀನಿನ ಪತ್ರ, ಚರ್ಚಿನ ದಾಖಲೆಗಳಲ್ಲಿ ಒಂದು ಸಲ ಒಂಬತ್ತು ಅಕ್ಷರ ಕೂತ ಮೇಲೆ ಕೀಳುವವರು ಯಾರು?

ಕೊನೆಗೂ ವಿಂಡಮ್ ತಲುಪಿದೆ. 1107ರಲ್ಲಿ ಶುರುವಾದ ಅಬ್ಬೆ, ಅಂದರೆ ಸನ್ಯಾಸಿ ಮಠದ ಚರ್ಚಿಗೆ ಎರಡು ಗೋಪುರ, ಒಂದೊಂದು ತುದಿಯಲ್ಲಿ ಒಂದೊಂದು. ಸನ್ಯಾಸಿಗಳಿಗೂ ಊರಿನವರಿಗೂ ಚರ್ಚು ಯಾರದು ಅಂತ ಜಗಳವಾಗಿ ಮಧ್ಯೆ ಗೋಡೆಯೇ ಎದ್ದಿತ್ತಂತೆ. ಊರೊಟ್ಟಿನ ಗೋಮಾಳಕ್ಕೆ ಜಮೀನ್ದಾರರು ಬೇಲಿ ಹಾಕಿದ್ದಕ್ಕೆ 1549ರಲ್ಲಿ ದಂಗೆ ಎದ್ದ ರಾಬರ್ಟ್ ಕೆಟ್ ಈ ಊರಿನವನು. ಅವನನ್ನು ನಾರಿಜ್ ಕೋಟೆಯಲ್ಲಿ ಗಲ್ಲಿಗೆ ಹಾಕಿದರು, ಅವನ ಅಣ್ಣನನ್ನು ಇದೇ ಗೋಪುರದಿಂದ. ನಾಲ್ಕು ನೂರು ವರ್ಷ ಆದ ಮೇಲೆ, 1949ರಲ್ಲಿ, ಕೋಟೆಯ ಗೋಡೆಗೆ ಅವನ ನೆನಪಿನ ಕಲ್ಲು ಹಾಕಿದರು. ಚರ್ಚಿನಿಂದ ಹೊರಗೆ ಬರುವಾಗ ಬಾಗಿಲಲ್ಲಿದ್ದವರು ಎಲ್ಲಿಂದ ಬಂದಿರಿ ಅಂದರು. ಆಟಲ್‌ಬರದಿಂದ ಅಂದೆ. ಸುಳ್ಳೇನಲ್ಲ.

ದಿನ 6

ಇಡೀ ದಿನ ರೈಲು, ಮಳೆ. ಸಂಜೆಗೆ ಲೆಸ್ಟರ್, ತಂಗಿಯ ಮನೆ. ಬಿಸಿ ಚಿತ್ರಾನ್ನ. ಬೇರೆ ಹೇಳುವುದು ಏನೂ ಇಲ್ಲ.

ದಿನ 7

ತಂಗಿಯ ಮಗನಿಗೆ ಹತ್ತು ವರ್ಷ. ಹುಟ್ಟಿದ್ದು ಇಲ್ಲೇ. ನನ್ನ ನೋಟ್‌ಬುಕ್ ನೋಡಿ ಅವನಿಗೆ ಹಬ್ಬ. ‘ಮಾಮ, ಇದು ಓದಿ’ ಅಂತ ಬೆಳಿಗ್ಗೆಯಿಂದ ಹಿಂದೆ ಬಿದ್ದ. ಗ್ರೋಬಿ ಅಂದೆ, ‘ಗ್ರೂಬಿ’. ಲೌಬರೋ ಅಂದೆ, ‘ಲಫ್‌ಬರ’. ವೈಮಂಡ್‌ಹ್ಯಾಮ್ ತೋರಿಸಿದ. ಇದಂತೂ ನನಗೆ ಬರುತ್ತೆ ಅಂತ ಗಟ್ಟಿಯಾಗಿ ‘ವಿಂಡಮ್’ ಅಂದೆ. ‘ತಪ್ಪು! ನಮ್ಮ ಜಿಲ್ಲೇದು ವೈಮಂಡಮ್.’ ಮೆಲ್ಟನ್ ಮೋಬ್ರೆ ಹತ್ತಿರ ಅದೇ ಹೆಸರಿನ, ಅದೇ ಕಾಗುಣಿತದ ಇನ್ನೊಂದು ಹಳ್ಳಿ ಇದೆ. ಅಲ್ಲಿ ವಿಂಡಮ್ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಮುಕ್ಕಾಲು ಗಂಟೆ ಕಾಗೆ ಜೊತೆ ಕೂತು ಕಲಿತ ವಿದ್ಯೆ ನೀರಿಗೆ ಹೋಯಿತು.

ಮಧ್ಯಾಹ್ನ ಕೋಟೆ ನೋಡಲು ಹೊರಟೆವು. ಬೋರ್ಡಿನಲ್ಲಿ ಬೆಲ್ವಾರ್. ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಫ್ರೆಂಚಿನಲ್ಲಿ ಇಟ್ಟದ್ದು, ‘ಸೊಗಸಾದ ನೋಟ’ ಅಂತ ಅರ್ಥ. ಗುಡ್ಡದ ಮೇಲೆ ನಿಂತರೆ ಹೆಸರು ಸುಳ್ಳಲ್ಲ, ಹಸಿರು ಕಣಿವೆ ಕಣ್ಣು ಹೋದಷ್ಟೂ ಇದೆ. ಆದರೆ ಕೆಳಗೆ ಹೊಲ ಉಳುತ್ತಿದ್ದವರಿಗೆ ಆ ಫ್ರೆಂಚ್ ಬಾಯಿಗೆ ಹತ್ತಲಿಲ್ಲ. ಅವರು ‘ಬೀವರ್’ ಅಂದರು. ಬೀವರ್ ಅಂದರೆ ಹೊಳೆಗೆ ಅಡ್ಡ ಕಟ್ಟೆ ಕಟ್ಟುವ ಹಲ್ಲುಬ್ಬಿನ ಪ್ರಾಣಿ. ಡ್ಯೂಕ್ ಮನೆತನದವರೂ ಈಗ ತಮ್ಮ ಕೋಟೆಯನ್ನು ಬೀವರ್ ಅಂತಲೇ ಅನ್ನುತ್ತಾರೆ. ಆಳಿದವರು ಇಟ್ಟ ಹೆಸರು ಬೋರ್ಡಿನಲ್ಲಿ ಉಳಿಯಿತು, ಉತ್ತವರು ಅಂದದ್ದು ಬಾಯಲ್ಲಿ ಉಳಿಯಿತು. ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಇಷ್ಟವಾದ ಹೆಸರು ಇದೇ.

ಇದರ ಉಲ್ಟಾ ಕತೆ ಲೆಸ್ಟರ್ ಊರೊಳಗೇ ಇದೆ. ಬೆಲ್‌ಗ್ರೇವ್ ರಸ್ತೆಗೆ ಸಂಜೆ ತರಕಾರಿಗೆ ಹೋದೆವು. ಸೀರೆ ಅಂಗಡಿ, ಚಿನ್ನದಂಗಡಿ, ಫರಸಾಣು ಅನ್ನುವ ಕುರುಕಲು ತಿಂಡಿ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದ ಎಷ್ಟೋ ಗುಜರಾತಿ ಕುಟುಂಬಗಳು ಬಂದು ನೆಲೆಸಿದ್ದು ಈ ಊರಿನಲ್ಲಿ. ಇಂಗ್ಲೆಂಡಿನ ಜಮೀನುಗಳ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಈ ಜಾಗದ ಹೆಸರು ಮೆರ್ಡೆಗ್ರೇವ್ ಅಂತಿದೆ. ಪಾಪ, ಕಾಡಿನ ಒಂದು ಸಣ್ಣ ಪ್ರಾಣಿಯಿಂದ ಬಂದ ಹೆಸರು. ಆದರೆ ಮೆರ್ಡ್ ಅಂದರೆ ಫ್ರೆಂಚಿನಲ್ಲಿ ಹೇಲು. ನಾರ್ಮನ್ನರು ಮೂಗು ಮುಚ್ಚಿಕೊಂಡು ಮೆರ್ಡ್ ಕಿತ್ತು ‘ಬೆಲ್’, ಅಂದರೆ ಸೊಗಸು, ಅಂಟಿಸಿದರು. ಒಂದು ಕಡೆ ಸೊಗಸು ಹೋಗಿ ಪ್ರಾಣಿ ಬಂತು, ಇನ್ನೊಂದು ಕಡೆ ಪ್ರಾಣಿ ಹೋಗಿ ಸೊಗಸು ಬಂತು. ಮಧ್ಯೆ ಇರುವುದು ಒಂದು ಗಂಟೆಯ ಕಾರು ದಾರಿ ಅಷ್ಟೆ.

ತರಕಾರಿ ಅಂಗಡಿಯವರು ನಾವು ಬೆಂಗಳೂರಿನ ಕಡೆಯವರು ಅಂತ ತಿಳಿದು ‘ಬ್ಯಾಂಗಲೋರ್ ಈಗ ಹೆಸರು ಬದಲಾಯಿತಂತಲ್ಲ?’ ಅಂದರು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾದದ್ದು ಹೇಳಿದೆ. ಹೆಸರು ಬದಲಾಗಲಿಲ್ಲ, ನಾವು ಮೊದಲಿಂದ ಬಳ್ಳಾರಿ, ತುಮಕೂರು ಅಂತಲೇ ಬರೆಯುತ್ತಿದ್ದೆವು, ಬೋರ್ಡು ಈಗ ದಾರಿಗೆ ಬಂತು ಅಂದೆ. ‘ತುಮಕೂರು ಅಂತ ಯಾರಂತಾರೆ? ತುಮ್ಕೂರು’ ಅಂತ ತಂಗಿ ಪಕ್ಕದಿಂದ ಚುಚ್ಚಿದಳು.

ರಾತ್ರಿ ಹುಡುಗ ನಮ್ಮೂರಿನ ಹೆಸರು ಕೇಳಿದ. ಎರಡು ಸಲ ಹೇಳಿಸಿಕೊಂಡ. ನೋಟ್‌ಬುಕ್ ಇಸಿದುಕೊಂಡು ಒಳಗೆ ಹೋದ.

ದಿನ 8

ಭಾವ ಕಾರಿನಲ್ಲಿ ಹೀಥ್ರೂಗೆ ಬಿಟ್ಟರು. ದಾರಿಯಲ್ಲಿ ಟೌಸೆಸ್ಟರ್ ಅಂತ ಬೋರ್ಡು. ಅದು ‘ಟೋಸ್ಟರ್’. ಬ್ರೆಡ್ ಸುಡುವ ಡಬ್ಬಿಯ ಹಾಗೇ. ಹಾಗಾಗಿ ಅಲ್ಲೇ ನಿಲ್ಲಿಸಿ ತಿಂಡಿ ತಿಂದೆವು, ಟೋಸ್ಟೇ. ಮುಂದೆ ಬಿಸೆಸ್ಟರ್, ಬಾಯಲ್ಲಿ ‘ಬಿಸ್ಟರ್’. ಈ ಸೆಸ್ಟರ್‌ಗಳೆಲ್ಲ ರೋಮನ್ನರ ದಂಡಿನ ಠಾಣೆಗಳ ನೆನಪು. ಹಳೆಯ ಇಂಗ್ಲಿಷಿನ ‘ಚೆಸ್ಟರ್’ ಕೆಲವು ಕಡೆ ನಾರ್ಮನ್ನರ ನಾಲಿಗೆಗೆ ಸಿಕ್ಕಿ ಸೆಸ್ಟರ್ ಆಯಿತು, ಆಮೇಲೆ ಅದೂ ಸವೆದು ‘ಸ್ಟರ್’ ಆಯಿತು. ವುಸ್ಟರ್, ಗ್ಲಾಸ್ಟರ್, ಲೆಸ್ಟರ್. ಹಾಗಾದರೆ ಸೈರನ್‌ಸೆಸ್ಟರ್ ಏನು, ‘ಸೈರನ್‌ಸ್ಟರ್’ ಅಲ್ವಾ ಅಂದೆ. ಭಾವ ಸ್ಟೀರಿಂಗ್ ಬಿಡದೆ ತಲೆ ಅಲ್ಲಾಡಿಸಿದರು. ಅದು ಈಗ ಪೂರ್ತಿ ಸೈರನ್‌ಸೆಸ್ಟರ್. ಹಿಂದೆ ‘ಸಿಸಿಟರ್’ ಅಂತಿದ್ದರಂತೆ, ಓದು ಬಲ್ಲವರು ಜಾಸ್ತಿಯಾಗಿ ಬೋರ್ಡೇ ಗೆದ್ದಿತು.

ವಿಮಾನಗಳು ತಲೆ ಮೇಲೆ ಇಳಿಯುವುದು ಕಾಣಿಸುವ ಹೊತ್ತಿಗೆ ಇನ್ನೊಂದು ಬೋರ್ಡು ಬಂತು. ಲಫ್‌ಬರದಲ್ಲಿ ‘ಫ್’ ಆಗಿದ್ದ ಅದೇ ನಾಲ್ಕು ಅಕ್ಷರ, ಮುಂದೆ ಎಸ್, ಎಲ್. ನಾನು ಬಾಯಿ ಬಿಡಲಿಲ್ಲ. ಹಿಂದಿನ ಸೀಟಿನಿಂದ ಹುಡುಗ ‘ಸ್ಲೌ’ ಅಂದ. ಬರೆದುಕೊಳ್ಳೋಣ ಅಂತ ನೋಟ್‌ಬುಕ್ ತೆಗೆದೆ.

ಕೊನೆಯ ಸಾಲಿನಲ್ಲಿ ಅವನ ಅಕ್ಷರ. ನಾನು ಎರಡು ಸಲ ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದ, ಅದೂ ‘ಬೋರ್ಡಿನಲ್ಲಿ’ ಅನ್ನುವ ಕಡೆ. ನಮ್ಮೂರ ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ ಹದಿನೈದು ಅಕ್ಷರ ಇವೆ. ಎಣಿಸಿದೆ. ಇವನದು ಹನ್ನೊಂದೇ. ತಿದ್ದಲು ಪೆನ್ನಿನ ಮುಚ್ಚಳ ತೆಗೆದವನು ಹಾಗೇ ಹಾಕಿ, ಕೆಳಗಿನ ಸಾಲಿನಲ್ಲಿ ಸ್ಲೌ ಬರೆದುಕೊಂಡೆ.